ಗಾಜು ಬೇಕೋ, ಗಾಳಿ ಬೇಕೋ

ನಮ್ಮ ಮನೆಯ ಬಾಗಿಲ ಹಿಂದೆ ಕೀಲಿಕೈ ತೂಗುಹಾಕುವ ಹಲಗೆಯೊಂದಿದೆ. ಅದರ ಕೊನೆಯ ಮೊಳೆಯಲ್ಲಿ ನೀಲಿ ಬಣ್ಣದ ಈಜುಗನ್ನಡಕ ನೇತಾಡುತ್ತಿದೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆಯನ್ನು ನೋಡುತ್ತಾರೆ, ಆಮೇಲೆ "ಓಹೋ, ಸ್ವಿಮ್ಮಿಂಗ್ ಶುರು ಮಾಡಿದ್ರಾ?" ಎನ್ನುತ್ತಾರೆ. ನನಗೆ ಈಜು ಬರುವುದಿಲ್ಲ. ಷವರಿನ ಕೆಳಗೆ ನಿಂತರೂ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುವ ಪೈಕಿ ನಾನು. ಈ ಕನ್ನಡಕ ಸ್ಪೋರ್ಟ್ಸ್ ಕಾರಿನಲ್ಲಿ ಕೂರುವುದಕ್ಕೆ ಎಂದರೆ ಯಾರೂ ನಂಬುವುದಿಲ್ಲ. ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ಸ್ಪೋರ್ಟ್ಸ್ ಕಾರು ಓಡಿಸುವ ರಸ್ತೆ ಎಲ್ಲಿದೆ ಸ್ವಾಮಿ ಎಂದು ನಗುತ್ತಾರೆ. ಅವರು ನಗುವುದೂ ಸರಿಯೇ. ಹಾಗಾಗಿ ಸ್ವಲ್ಪ ಕೂತು ಕೇಳಿ, ಅಷ್ಟರಲ್ಲಿ ಕಾಫಿಯೂ ಬರುತ್ತದೆ.

ಮೊದಲು ಗಾಳಿಯ ವಿಷಯ. ಗಾಳಿ ಪುಕ್ಕಟೆ ಸಿಗುತ್ತದೆ ಎಂದುಕೊಂಡಿರುವವರು ಒಂದು ದಿನ ಬೆಳಿಗ್ಗೆ ನಮ್ಮ ಕಡೆಯ ಲೋಕಲ್ ರೈಲು ಹತ್ತಬೇಕು. ಇಲ್ಲಿ ಕಿಟಕಿಯ ಸೀಟು ಎಂದರೆ ಸಾಲದು, ಗಾಳಿ ಬರುವ ಕಡೆ ಮುಖ ಮಾಡಿದ ಕಿಟಕಿಯ ಸೀಟು ಬೇಕು. ಅದಕ್ಕಾಗಿ ಒಳ್ಳೊಳ್ಳೆಯ ಮನೆತನದವರು, ಮೊಮ್ಮಕ್ಕಳನ್ನು ಕಂಡವರು, ಮೊಣಕೈ ಉಪಯೋಗಿಸುವುದನ್ನು ನಾನು ನೋಡಿದ್ದೇನೆ. ಆ ಸೀಟು ಸಿಕ್ಕವನು ದಿವಾ ಸ್ಟೇಷನ್ ಬರುವಷ್ಟರಲ್ಲಿ ಕಣ್ಣು ಮುಚ್ಚಿ ಮಹಾರಾಜನಾಗಿಬಿಟ್ಟಿರುತ್ತಾನೆ. ಮುಂಬ್ರಾದ ಖಾಡಿಯ, ಅಂದರೆ ಕಡಲ ಹಿನ್ನೀರಿನ ಗಾಳಿ ಅವನ ಕೂದಲನ್ನು ಎಬ್ಬಿಸುತ್ತಿರುತ್ತದೆ, ಎದುರು ನಿಂತ ನಾವು ಅವನ ಕೂದಲು ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ. ನಾನು ವಾಶಿಯ ಒಂದು ವಿಮಾ ಕಚೇರಿಯಲ್ಲಿ ಮೋಟಾರ್ ವಿಭಾಗದವನು. ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿ ಆಫೀಸು ಮುಟ್ಟುವ ಹೊತ್ತಿಗೆ ನನ್ನ ಪಾಲಿಗೆ ಬಂದಿರುವುದು ಬೇರೆಯವರ ಉಸಿರು ಮಾತ್ರ. ಅಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದರೆ, ಜನರ ಕಾರಿನ ಒಡೆದ ಗಾಜಿನ ಫೋಟೋಗಳನ್ನು ನೋಡಿ ಇದು ನಿಜವಾಗಿ ಒಡೆದಿದೆ ಎಂದು ಒಪ್ಪಿಕೊಳ್ಳುವುದು.

ಗಾಜಿನ ನಂಟು ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ನಮ್ಮಪ್ಪನ ಸ್ಕೂಟರಿಗೆ ಮುಂದುಗಡೆ ಒಂದು ವಿಂಡ್‌ಶೀಲ್ಡ್ ಇತ್ತು. ಗಾಜಲ್ಲ, ದಪ್ಪ ಪ್ಲಾಸ್ಟಿಕ್ಕು. ಬಿಸಿಲಿಗೆ ಹಳದಿಯಾಗಿತ್ತು, ಒರೆಸಿ ಒರೆಸಿ ಗೀರು ಬಿದ್ದಿತ್ತು. ಅಪ್ಪನ ಎರಡು ತೋಳುಗಳ ನಡುವೆ, ಹ್ಯಾಂಡಲ್ ಹಿಡಿದು ನಿಂತುಕೊಂಡು ನಾನು ನೋಡಿದ ಮೈಸೂರೆಲ್ಲ ಹಳದಿ ಮೈಸೂರೇ. ಮಳೆ ಬಂದರೆ ಹನಿಗಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿದ್ದವು, ಅದೊಂದು ಸೋಜಿಗ. ಚಳಿಯಲ್ಲಿ ಹಾ ಎಂದು ಉಸಿರು ಬಿಟ್ಟು ಮಂಜು ಮಾಡಿ ಅದರ ಮೇಲೆ ಹೆಸರು ಬರೆಯುತ್ತಿದ್ದೆ. "ಲೋ, ನಂಗೆ ರೋಡು ಕಾಣ್ತಿಲ್ಲ ಕಣೋ" ಎಂದು ಅಪ್ಪ ಮೇಲಿಂದ ಕೂಗುತ್ತಿದ್ದರು. ಒಂದು ಸಲ ಅದು ಅಡ್ಡಕ್ಕೆ ಸೀಳಿಹೋಗಿ, ಹೊಸದು ಹಾಕಿಸುವವರೆಗೆ ಇರಲಿ ಎಂದು ಅಪ್ಪ ಅದನ್ನು ಬಿಚ್ಚಿಸಿಬಿಟ್ಟರು. ಮಾರನೆಯ ದಿನ ಕುಕ್ಕರಹಳ್ಳಿ ಕೆರೆಯ ಪಕ್ಕ ಹೋಗುವಾಗ ಗಾಳಿ ಬಂದು ನನ್ನ ಮುಖಕ್ಕೆ ಹೊಡೆಯಿತು ನೋಡಿ, ಇಂಥದ್ದೊಂದು ಪ್ರಪಂಚದಲ್ಲಿದೆ ಎಂದು ಇವರು ಯಾಕೆ ಹೇಳಲಿಲ್ಲ ಎನ್ನಿಸಿತು. ಖುಷಿಗೆ ಬಾಯಿ ಬಿಟ್ಟೆ. ಒಂದು ಹುಳ ನೇರವಾಗಿ ಗಂಟಲಿಗೆ ಹೋಯಿತು. ಅಂದಿನಿಂದ ನಾನು ಗಾಜಿನ ಪಕ್ಷವೋ ಗಾಳಿಯ ಪಕ್ಷವೋ ಎಂಬುದು ನನಗೇ ಗೊತ್ತಿಲ್ಲ.

ಇಂಥವನನ್ನು ಸದಾನಂದಣ್ಣ ತೀರ್ಪು ಹೇಳಲು ಕರೆದರು ಎಂಬುದೇ ಈ ಕತೆ.

ಸದಾನಂದಣ್ಣ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯವರು. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಅಪ್ಪನ ಜೊತೆ ಬಂದವರು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರ ಅವರ ಹೋಟೆಲಿತ್ತು. ಒಳಗೆ ಇಡ್ಲಿ, ವಡೆ, ದೋಸೆ. ಮುಂಭಾಗದಲ್ಲಿ ಮಿಠಾಯಿಯ ಷೋಕೇಸು. ಆ ಷೋಕೇಸಿಗೆ ಮುಂದೆ ಬಾಗಿದ ದೊಡ್ಡ ಗಾಜು, ಅದರ ಹಿಂದೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಸದಾನಂದಣ್ಣ. ನಾನು ಹೊಸದಾಗಿ ಊರಿಗೆ ಬಂದಾಗ ಎರಡನೇ ಸಲ ಚಟ್ನಿ ಕೇಳಿದ ರಾಗದಿಂದಲೇ ಗುರುತು ಹಿಡಿದು "ಮೈಸೂರಾ?" ಎಂದು ಗಾಜಿನ ಆ ಕಡೆಯಿಂದ ಕೇಳಿದ್ದರು. ಹಿಂದೆ, ಅಡಿಗೆಮನೆಯ ಒಳಕೋಣೆಯಲ್ಲಿ ಅವರ ಹೆಂಡತಿ ಗಿರಿಜಕ್ಕ. ಷೋಕೇಸಿನ ಮೈಸೂರುಪಾಕು, ಲಾಡು, ಕಾಶಿಹಲ್ವಾ ಎಲ್ಲ ಅವರ ಕೈಯದ್ದು. ಲಾಡು ಗೊತ್ತಿದ್ದವರಿಗೆ ಗಿರಿಜಕ್ಕ ಗೊತ್ತಿರಲಿಲ್ಲ, ಏಕೆಂದರೆ ಅವರು ಹೊರಗೆ ಬಂದು ನಿಂತದ್ದನ್ನು ನೋಡಿದವರೇ ಕಡಿಮೆ.

ಸದಾನಂದಣ್ಣನ ದಿನ ಶುರುವಾಗುತ್ತಿದ್ದದ್ದು ಆ ಗಾಜಿನಿಂದ. ಷಟರ್ ಎತ್ತಿದ ಕೂಡಲೇ ಒಳಗಡೆ ಕೂತು, ಹಾ ಎಂದು ಉಸಿರು ಬಿಟ್ಟು, ಹಳೆಯ ಪೇಪರು ಮುದುರಿ ಅದನ್ನು ಒರೆಸುತ್ತಿದ್ದರು. ಕೆಲಸಕ್ಕೆ ಅಷ್ಟು ಜನ ಇದ್ದರೂ ಆ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ. ಗಾಜು ಹೊಳೆದರೆ ಲಾಡು ಹೊಳೆಯುತ್ತದೆ ಎನ್ನುವುದು ಅವರ ಲೆಕ್ಕ. ಒರೆಸಿಯಾದ ಮೇಲೆ ಮುಖಕ್ಕೆ ಒಂದು ನಗು ಹಾಕಿಕೊಳ್ಳುತ್ತಿದ್ದರು. ಆ ನಗು ಷಟರ್ ಇಳಿಯುವವರೆಗೂ ಅಲ್ಲೇ ಇರುತ್ತಿತ್ತು, ಗಿರಾಕಿ ಬೈದರೂ ಇರುತ್ತಿತ್ತು, ಇಲ್ಲದಿದ್ದರೂ ಇರುತ್ತಿತ್ತು.

ಹೋಟೆಲಿದ್ದ ಕಟ್ಟಡ ಹಳೆಯದಾಗಿ, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು. ಇಲ್ಲಿ ಎಲ್ಲ ಕಟ್ಟಡಗಳ ಹಣೆಬರಹವೂ ಅಷ್ಟೇ. ಸದಾನಂದಣ್ಣ ಮನೆಗೆ ಬಂದು ಕೂತರು. ಬಾಲ್ಕನಿಯ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿಕೊಂಡು, ಅದೇ ನಗು ಹಾಕಿಕೊಂಡು, ಬೆಳಗಿನಿಂದ ಸಂಜೆವರೆಗೂ ರಸ್ತೆ ನೋಡುತ್ತಿದ್ದರು. ನಾನು ಕೆಳಗಿನಿಂದ ಕೈ ಬೀಸಿದರೆ ಗಿರಾಕಿಗೆ ಮಾಡುವಂತೆ ತಲೆ ಆಡಿಸುತ್ತಿದ್ದರು. "ಇವರು ಹೀಗೆ ಸುಮ್ನೆ ಕೂತ್ರೆ ನಂಗೆ ಹೆದರಿಕೆ ಆಗ್ತದೆ ಮಾರಾಯ್ರೇ" ಎಂದು ಗಿರಿಜಕ್ಕ ಮೆಟ್ಟಿಲಲ್ಲಿ ನನ್ನ ಹೆಂಡತಿ ವಸುಧಾಳ ಹತ್ತಿರ ಹೇಳಿಕೊಂಡರಂತೆ.

ಆಮೇಲೊಂದು ದಿನ ಕುರ್ಚಿ ಖಾಲಿ. ಮಾರನೆಯ ದಿನವೂ ಖಾಲಿ. ವಿಚಾರಿಸಿದರೆ, ಅಂಬರನಾಥಕ್ಕೆ ಹೋಗುತ್ತಿದ್ದಾರೆ, ಭೋಈರ್ ಎಂಬವರ ಶೆಡ್ಡಿಗೆ. ಭೋಈರ್ ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ಚಿಮಣಿ, ಕೌಂಟರು ಮಾಡಿಕೊಡುವವರು, ಸದಾನಂದಣ್ಣನ ಹಳೆಯ ಸ್ನೇಹಿತರು. ಅಲ್ಲಿ ಏನು ಮಾಡುತ್ತೀರಿ ಅಣ್ಣ ಎಂದು ಕೇಳಿದೆ. "ಒಂದು ಗಾಡಿ ಮಾಡುವಾ ಅಂತ" ಎಂದರು. ತಿಂಡಿಯ ಕೈಗಾಡಿ ಇರಬೇಕು, ಮತ್ತೆ ವ್ಯಾಪಾರ ಶುರುಮಾಡುತ್ತಾರೆ ಪಾಪ ಎಂದುಕೊಂಡೆ. ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಿದರು. ಹಬೆ ಪೆಟ್ಟಿಗೆಗಳ ಸಾಲಿನ ಆಚೆ, ನೆಲಕ್ಕೆ ಅಂಟಿಕೊಂಡಂತೆ, ಎರಡೇ ಎರಡು ಸೀಟಿನ ಕಾರಿನ ಅಸ್ಥಿಪಂಜರ ಕೂತಿತ್ತು.

ಹೋಟೆಲಿನ ಮೇಜಿನ ಮೇಲೆ ಗಿರಾಕಿಗಳು ಬಿಟ್ಟುಹೋಗುತ್ತಿದ್ದ ಕಾರಿನ ಪತ್ರಿಕೆಗಳನ್ನು ಇವರು ಪ್ರಾಯದಿಂದಲೂ ಗಲ್ಲಾದ ಕೆಳಗೆ ಇಟ್ಟುಕೊಂಡು ಓದುತ್ತಿದ್ದರಂತೆ. ಅದು ಈ ಕಾರು ಶುರುವಾಗುವವರೆಗೆ ಗಿರಿಜಕ್ಕನಿಗೂ ಗೊತ್ತಿರಲಿಲ್ಲ. ಈಗ ಹಳೆಯ ಪುಟ್ಟ ಕಾರೊಂದರ ಎಂಜಿನ್ನು ತಂದು, ಭೋಈರ್ ಹತ್ತಿರ ವೆಲ್ಡಿಂಗ್ ಕಲಿತು, ಪೈಪಿಗೆ ಪೈಪು ಕೂಡಿಸುತ್ತಿದ್ದರು. ಆ ವಯಸ್ಸಿನಲ್ಲಿ ನಾನು ಹೊಸ ಫೋನಿನ ಅಲಾರಾಂ ಕಲಿಯಲಾರೆ. ಮೊದಲು ಹಾಕಿದ ಬೆಸುಗೆ ಸೊಟ್ಟಗಾಗಿದ್ದಕ್ಕೆ ಎಲ್ಲವನ್ನೂ ಕೊರೆದು ತೆಗೆದು ಮತ್ತೆ ಮಾಡಿದರು. ಬೇಜಾರಾಗುವುದಿಲ್ಲವೇ ಅಣ್ಣ ಎಂದರೆ, "ದೋಸೆ ಮೊದಲ್ನೇದು ಹೆಂಚಿಗೇ ಹೋಗ್ಲಿಕ್ಕೆ ಇರುವುದು" ಎಂದರು. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಮೆಚ್ಚುಗೆ ಹೆಚ್ಚಾದರೆ ನನಗೆ ಹಾಗೇ ಆಗುವುದು.

ಆ ಕಾರು ಪೂರಾ ಹೋಟೆಲಿನವರ ಕಾರು. ಹೊರಮೈಯ ಅಲ್ಯುಮಿನಿಯಂ ತಗಡಿನ ಅಂಚುಗಳನ್ನೆಲ್ಲ ಕೌಂಟರಿನ ಅಂಚಿನ ಹಾಗೆ ಒಳಕ್ಕೆ ಸುರುಳಿ ಮಾಡಿದ್ದರು, ಒರೆಸುವವರ ಕೈ ಕುಯ್ಯಬಾರದು ಎಂದು. ಗೇರಿನ ತುದಿಗೆ ಹೋಟೆಲಿನ ಹಳೆಯ ರುಬ್ಬುಗುಂಡಿನ ಮರದ ಹಿಡಿ. ಮೀಟರುಗಳ ಸುತ್ತ ಊಟದ ತಟ್ಟೆಯ ಅಂಚು ಕತ್ತರಿಸಿ ಮಾಡಿದ ಬಳೆಗಳು. ಬಣ್ಣ ಯಾವುದು ಹಾಕಿಸುತ್ತೀರಿ ಎಂದು ಕೇಳಿದರೆ ಬಣ್ಣದ ಪಟ್ಟಿ ನೋಡದೆ ಹೇಳಿದರು, "ಜಿಲೇಬಿ." ಪಕ್ಕದ ಸೀಟನ್ನು ಮಾತ್ರ ತಮ್ಮದಕ್ಕಿಂತ ಎತ್ತರ ಮಾಡಿದ್ದರು. ನೋಡಲು ಸ್ವಲ್ಪ ಓರೆಯಾಗಿ ಕಾಣುತ್ತದಲ್ಲ ಎಂದೆ. "ಅವಳಿಗೆ ಮಂಡಿನೋವು ಉಂಟು. ತಗ್ಗಾದ್ರೆ ಏಳ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದು, ಆ ಸೀಟಿನ ಮೇಲೆ ಕೂತ ಲೋಹದ ಪುಡಿಯನ್ನು ಊದಿದರು. ಮಂಡಿ ನೋಯುವವರನ್ನು ಲೆಕ್ಕಕ್ಕೆ ತೆಗೆದುಕೊಂಡ ಸ್ಪೋರ್ಟ್ಸ್ ಕಾರು ಲೋಕದಲ್ಲಿ ಇನ್ನೊಂದಿರಲಾರದು.

ಕಾಗದಪತ್ರವಿಲ್ಲದೆ ಇದು ರಸ್ತೆಗೆ ಇಳಿಯುವಂತಿಲ್ಲ ಎಂದು ಮೋಟಾರ್ ವಿಭಾಗದವನಾದ ನಾನು ಎಚ್ಚರಿಸಿದೆ. ಅದು ಅವರಿಗೆ ಗೊತ್ತಿತ್ತು. ಶೆಡ್ಡಿನ ಹಿಂದೆ ಮುಚ್ಚಿಹೋದ ಬಣ್ಣದ ಕಾರ್ಖಾನೆಯೊಂದಿದೆ, ಅದರ ಸುತ್ತ ಒಳ್ಳೆಯ ಕಾಂಕ್ರೀಟು ದಾರಿ, ಮಾಲೀಕರು ಭೋಈರರ ಪೈಕಿ. "ಕಂಪೌಂಡಿನ ಒಳಗೆ ಒಂದು ಸುತ್ತು ಹೊಡೆದ್ರೆ ಸಾಕು" ಎಂದರು ಸದಾನಂದಣ್ಣ. ಅಷ್ಟು ವರ್ಷ ಕಾದ ಮನುಷ್ಯ ಕೇಳಿದ್ದು ಇಷ್ಟೇ.

ಕಾರು ಮುಗಿಯುತ್ತ ಬಂತು. ಸ್ಟೀರಿಂಗಿನ ಮುಂದೆ ಮಾತ್ರ ಬೋಳು. "ಕಾಚ ಲಾವಾಯ್ಚೀ ಕಾ ನಾಹೀ, ಶೇಠ್?" ಗಾಜು ಹಾಕಬೇಕೋ ಬೇಡವೋ ಎಂದು ಭೋಈರ್ ಕೇಳಿದರು. ಕೇಳಿದ್ದು ಸಣ್ಣ ಪ್ರಶ್ನೆ. ಅದರಿಂದ ಎದ್ದ ಜಗಳ ನವರಾತ್ರಿಯವರೆಗೂ ನಡೆಯಿತು.

ಬೇಡ ಎಂದರು ಸದಾನಂದಣ್ಣ. ಬೇಕು ಎಂದರು ಗಿರಿಜಕ್ಕ. ಅವರ ಮನೆಮಾತು ತುಳು. ನಾನಿದ್ದರೆ ನನ್ನ ಮೇಲಿನ ಕನಿಕರಕ್ಕೆ ಕನ್ನಡಕ್ಕೆ ಬರುತ್ತಾರೆ, ಜಗಳ ಬಿಸಿಯಾದರೆ ನನ್ನನ್ನು ದಡದಲ್ಲಿ ಬಿಟ್ಟು ತುಳುವಿಗೆ ಹೋಗಿಬಿಡುತ್ತಾರೆ. ಅಂದು ಸಂಜೆ ಚಹಾಕ್ಕೆ ಕರೆಸಿ ಇಬ್ಬರೂ ಕನ್ನಡದಲ್ಲೇ ಶುರುಮಾಡಿದರು.

"ಹೇಳಿ ಮೂರ್ತಿಯವ್ರೇ, ನೀವು ಇನ್ಶೂರೆನ್ಸಿನವರು. ಗಾಜಿಲ್ಲದ ಕಾರು ಉಂಟಾ? ಮುಖಕ್ಕೆ ಕಲ್ಲು ಬಡಿದ್ರೆ? ಕಣ್ಣಿಗೆ ಹುಳ ಬಿದ್ರೆ?" ಎಂದರು ಗಿರಿಜಕ್ಕ.

ಹುಳ ಎಂದ ಕೂಡಲೇ ನಾನು ತಲೆ ಅಲ್ಲಾಡಿಸಿಬಿಟ್ಟೆ. ಗಂಟಲು ಇನ್ನೂ ಮರೆತಿಲ್ಲ.

"ಆಯುಧಪೂಜೆಗೆ ಕುಂಕುಮ ಎಲ್ಲಿ ಇಡುವುದು? ಗಾಜಿದ್ರೆ ಅಲ್ವಾ ಶ್ರೀ ಬರೆಯುವುದು? ಎಲ್ಲರ ಗಾಡಿಗೂ ಉಂಟು, ಇವರದ್ದಕ್ಕೆ ಮಾತ್ರ ಮುಖ ಇಲ್ಲ. ಗಾಜು ಹಾಕದಿದ್ರೆ ನಾನು ಕೂರುವುದಿಲ್ಲ. ಪಕ್ಕದ ಸೀಟಿನಲ್ಲಿ ಆ ಗಾಳಿಯನ್ನೇ ಕೂರಿಸಿಕೊಳ್ಳಿ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಸದಾನಂದಣ್ಣ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಜೀವಮಾನ ಇಡೀ ಗಾಜಿನ ಹಿಂದೆ ಕೂತೆ ಮಾರಾಯ್ರೇ. ಹೊರಗೆ ಮಳೆ ಬಂದದ್ದು ಗಿರಾಕಿಗಳ ಛತ್ರಿ ನೋಡಿ ಗೊತ್ತಾಗ್ತಿತ್ತು. ಚಳಿ ಬಂತು ಅಂತ ಅವರ ಸ್ವೆಟರ್ ನೋಡಿ. ಎದುರು ಗಣಪತಿ ಮೆರವಣಿಗೆ ಹೋಗ್ತಿತ್ತು, ನನಗೆ ಕಾಣ್ತಿತ್ತು, ಅಷ್ಟೇ. ಈಗ ನನ್ನ ಕೈಯಾರೆ ಒಂದು ಗಾಡಿ ಮಾಡಿ ಅದ್ರಲ್ಲೂ ಗಾಜಿನ ಹಿಂದೆ ಕೂರುವುದಾ?"

ಈ ಮಾತು ಕೇಳಿ ಅವರ ಕಡೆ ವಾಲಿದೆ. ಅಷ್ಟರಲ್ಲಿ ಗಿರಿಜಕ್ಕ ಚಕ್ಕುಲಿ ತಂದು ಇಟ್ಟರು, ಇವರ ಕಡೆ ವಾಲಿದೆ. ಕೊನೆಗೆ ಇಬ್ಬರಿಗೂ ಸಮಾಧಾನವಾಗಲೆಂದು, ಅರ್ಧ ಎತ್ತರದ ಸಣ್ಣ ಗಾಜು ಹಾಕಿಸಬಹುದು, ಗಾಳಿಯೂ ಬರುತ್ತದೆ, ಶ್ರೀ ಬರೆಯಲೂ ಜಾಗವಾಗುತ್ತದೆ ಎಂದೆ. "ಹೋಟೆಲಿನಲ್ಲಿ ಅರ್ಧ ಇಡ್ಲಿ ಕೊಡ್ತಾರಾ ಮೂರ್ತಿಯವ್ರೇ?" ಎಂದು ಸದಾನಂದಣ್ಣ ಕೇಳಿದರು. ಅವರ ಮಗಳು ಶ್ವೇತಾ ನವಿ ಮುಂಬಯಿಯಲ್ಲಿರುವವಳು, ಹುಟ್ಟಿ ಬೆಳೆದದ್ದು ಇಲ್ಲೇ. ಫೋನು ಸ್ಪೀಕರಿಗೆ ಹಾಕಿ ಅವಳನ್ನೂ ಕೇಳಿದರು. ಕನ್ನಡದ ಪ್ರಶ್ನೆಗೆ ಅವಳು ಹಿಂದಿಯಲ್ಲಿ ಉತ್ತರ ಕೊಟ್ಟಳು, "ಪಪ್ಪಾ, ಹೆಲ್ಮೆಟ್ ಪೆಹೆನ್ ಲೋ ನಾ, ಬಾತ್ ಖತಮ್." ಹೆಲ್ಮೆಟ್ ಹಾಕಿಕೊಂಡರೆ ಮಾತು ಮುಗಿಯಿತಲ್ಲ ಎಂದು ಅವಳು. ಹೆಲ್ಮೆಟ್ಟಿಗೂ ಮುಂದೆ ಗಾಜೇ ಇರುತ್ತದಲ್ಲ ಎಂದು ಸದಾನಂದಣ್ಣ ಫೋನಿಟ್ಟರು.

ಮನೆಗೆ ಬಂದು ವಸುಧಾಳಿಗೆ ಎಲ್ಲ ಹೇಳಿದೆ. "ನಿಮ್ಮನ್ನ ಹೋಗಿ ತೀರ್ಪು ಕೇಳ್ತಾರಲ್ಲ ಪಾಪ! ನಮ್ಮನೆ ಪರದೆ ಬಣ್ಣ ಆರಿಸೋಕ್ಕೆ ನಿಮಗೆ ಎರಡು ಮಳೆಗಾಲ ಬೇಕಾಯ್ತು" ಎಂದಳು. ಆದರೂ ಆ ರಾತ್ರಿ ಊಟ ಮಾಡುತ್ತ ನಮ್ಮಿಬ್ಬರಲ್ಲೂ ಅದೇ ಮಾತು. ಅಂಥಾ ಕಾರು ಮಾಡಿ, ಎತ್ತರದ ಆ ಸೀಟು ಖಾಲಿ ಉಳಿದುಬಿಟ್ಟರೆ ಏನು ಚೆಂದ? ಅವರಿಬ್ಬರೂ ಅಷ್ಟು ವರ್ಷ ಒಂದೇ ಹೋಟೆಲಿನಲ್ಲಿದ್ದು ಅಕ್ಕಪಕ್ಕ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ.

ನವರಾತ್ರಿ ಬಂತು. ಒಂದು ಸಂಜೆ ಮೆಟ್ಟಿಲಲ್ಲಿ ಸದಾನಂದಣ್ಣ ಸಿಕ್ಕರು. ಕೈಯಲ್ಲಿ ಚೆಂಡುಹೂವಿನ ಚೀಲ.

"ಗಾಜು ಹಾಕಿಸಿದೆ" ಎಂದರು.

"ಯಾಕಣ್ಣ?" ಎಂದೆ. ಗೆದ್ದವರು ಯಾರು, ಸೋತವರು ಯಾರು ಎಂದು ಆ ದನಿ ಕೇಳಿದರೆ ಗೊತ್ತಾಗುತ್ತಿತ್ತು.

"ಖಾಲಿ ಸೀಟು ಇಟ್ಟುಕೊಂಡು ಎಂತ ಮಾಡುವುದು ಮಾರಾಯ್ರೇ" ಎಂದು ಮೇಲೆ ಹತ್ತಿದರು. ನನಗೆ ಆ ಮನುಷ್ಯನ ಮೇಲಿದ್ದ ಗೌರವ ಅವತ್ತು ಇಮ್ಮಡಿಯಾಯಿತು. ಬೇಜಾರೂ ಅಷ್ಟೇ ಆಯಿತು.

ಪೂಜೆಯ ದಿನ ಬೆಳಿಗ್ಗೆ ನಾವು ನಾಲ್ವರೂ ಲೋಕಲ್ ಹಿಡಿದು ಅಂಬರನಾಥಕ್ಕೆ ಹೋದೆವು. ಮುಂಬಯಿಗೆ ಬೆನ್ನು ಮಾಡಿದ ಗಾಡಿ, ರಜೆ ಬೇರೆ, ಎಲ್ಲರಿಗೂ ಕಿಟಕಿ. ಗಿರಿಜಕ್ಕ ರೇಷ್ಮೆ ಸೀರೆ ಉಟ್ಟಿದ್ದರು. ಉಡುಪಿಯಿಂದ ಬಸ್ಸಿನಲ್ಲಿ ಬರುವ ಮಲ್ಲಿಗೆಯನ್ನು ಮಾರ್ಕೆಟ್ಟಿನಲ್ಲಿ ಹುಡುಕಿ ತಂದು ಮುಡಿತುಂಬ ಮುಡಿದಿದ್ದರು. ಮಡಿಲಲ್ಲಿ ಪೂಜೆಯ ಬುಟ್ಟಿ, ಅದರ ಮೇಲೆ ನಿಂಬೆಹಣ್ಣು. ಅವರ ಮುಖದಲ್ಲಿ ಗೆಲುವಿತ್ತು, ಅದನ್ನು ಅವರೇನೂ ಮುಚ್ಚಿಡಲಿಲ್ಲ.

ಭೋಈರ್ ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ ತಾಡಪಾಲು ಹೊದಿಸಿದ್ದರು. ಅದನ್ನು ಎಳೆದಾಗ, ಅಬ್ಬಾ, ಆ ಜಿಲೇಬಿ ಬಣ್ಣ ಬಿಸಿಲಿಗೆ ಹಾಗೇ ಉರಿಯಿತು. ಗಾಜು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಕಾರಿನ ಮೂತಿಯ ಬಾಗು ಎಲ್ಲಿ ಮುಗಿಯಿತು, ಗಾಜಿನ ಬಾಗು ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ಸುತ್ತ ಕಪ್ಪು ರಬ್ಬರು, ಎರಡು ಕಡೆ ಸ್ಟೀಲಿನ ಹಿಡಿಕೆ. ಇಷ್ಟು ಸರಿಯಾದ ಅಳತೆಯ ಗಾಜು ಎಲ್ಲಿ ಸಿಕ್ಕಿತು ಎಂದು ಬಗ್ಗಿ ನೋಡಿದೆ. ಕೆಳಗಿನ ಮೂಲೆಯಲ್ಲಿ ಹಳೆಯ ಸ್ಟಿಕರೊಂದು ಅರ್ಧ ಕಿತ್ತು ಅರ್ಧ ಉಳಿದಿತ್ತು. ಮುಟ್ಟಬೇಡಿ ಎಂದು ಮರಾಠಿಯಲ್ಲಿ ಬರೆದದ್ದು. ಆ ಸ್ಟಿಕರಿನ ಪಕ್ಕ ಬೆರಳು ಊರಿ ನಾನೇ ಎಷ್ಟು ಸಲ ಮೈಸೂರುಪಾಕು ತೋರಿಸಿರಲಿಲ್ಲ! ಅದು ಹೋಟೆಲಿನ ಷೋಕೇಸಿನ ಗಾಜು.

"ಭೋಈರ್ ಗೋಡೌನಿನಲ್ಲಿ ಇಟ್ಟಿದ್ದ. ಇದೇ ಅಳತೆಗೆ ಕೂತಿತು" ಎಂದು ಸದಾನಂದಣ್ಣ ಬಾಗಿಲಿಲ್ಲದ ಬದಿಯಿಂದ ಕಾಲು ಹಾಕಿ ಒಳಗೆ ಕೂತರು. ಎಲ್ಲರೂ ಚಪ್ಪಾಳೆ ಹೊಡೆದೆವು. ನಿಂಬೆಹಣ್ಣು ಚಕ್ರಗಳ ಕೆಳಗೆ ಹೋದವು, ಹೂವಿನ ಮಾಲೆ ಮೂತಿಗೆ ಬಂತು. ಗಿರಿಜಕ್ಕ ಕುಂಕುಮವನ್ನು ನೀರಿನಲ್ಲಿ ಕಲಸಿ, ಬೆರಳಿಗೆ ಹಚ್ಚಿಕೊಂಡು, ಶ್ರೀ ಬರೆಯಲು ಗಾಜಿನ ಎದುರು ಬಗ್ಗಿದರು.

ಆಗ ಸದಾನಂದಣ್ಣ, ಏನೂ ಯೋಚನೆ ಮಾಡದೆ, ಹೂವು ಕಟ್ಟಿ ತಂದಿದ್ದ ಪೇಪರನ್ನು ಎತ್ತಿಕೊಂಡು ಮುದುರಿದರು. ಗಾಜಿಗೆ ಹಾ ಎಂದು ಉಸಿರು ಬಿಟ್ಟರು. ಒಳಗಡೆಯಿಂದ ಒರೆಸತೊಡಗಿದರು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಒರೆಸಿಯಾದ ಮೇಲೆ ಆ ನಗು ಹಾಕಿಕೊಂಡು ನಮ್ಮೆಲ್ಲರನ್ನೂ ನೋಡಿದರು.

ಗಿರಿಜಕ್ಕನ ಬೆರಳು ಗಾಜು ಮುಟ್ಟಲಿಲ್ಲ. ಹಾಗೇ ನಿಂತಿತು.

"ತೆಗೀರಿ ಅದನ್ನು" ಎಂದರು.

"ಯಾವುದನ್ನು?"

"ಆ ಗಾಜನ್ನು."

"ನೀನೇ ಅಲ್ವಾ ಬೇಕು ಅಂದದ್ದು?"

"ನಾನು ಗಾಜು ಬೇಕು ಅಂದೆ. ನೀವು ಮತ್ತೆ ಗಲ್ಲಾದಲ್ಲಿ ಕೂರ್ಬೇಕು ಅಂದೆನಾ?" ಆಮೇಲಿನ ನಾಲ್ಕು ಮಾತು ತುಳುವಿನಲ್ಲಿ ಬಂದವು. ನನಗೆ ಅರ್ಥವಾಗಲಿಲ್ಲ, ಆದರೆ ಸದಾನಂದಣ್ಣನ ನಗು ಮೆಲ್ಲಗೆ ಇಳಿದುಹೋದದ್ದು ಕಂಡಿತು. ನಗು ಇಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಒಳ್ಳೆಯ ಮುಖ ಅದು.

ಭೋಈರ್ ಸ್ಪ್ಯಾನರ್ ತಂದರು. ಗಾಜು ರಬ್ಬರಿನಿಂದ ಬಿಟ್ಟುಕೊಂಡು ಹೊರಗೆ ಬಂದು ಗೋಡೆಗೆ ಒರಗಿತು. ವಸುಧಾ ಆಗ ಕೇಳಿದಳು, "ಅಲ್ಲಾ ರೀ, ಅದು ಷೋಕೇಸಿಗೆ ಹಾಕೋ ಗಾಜಲ್ವಾ? ಕಾರು ಓಡೋವಾಗ ಒಡೆದಿದ್ರೆ ಮುಖಕ್ಕೆಲ್ಲ ಚೂರು ಚುಚ್ಚಿಕೊಳ್ತಿರಲಿಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ದಿನಬೆಳಗಾದರೆ ಕಾರಿನ ಗಾಜಿನಲ್ಲೇ ಅನ್ನ ತಿನ್ನುವವನು ನಾನು. ಬಾಗು ಎಷ್ಟು ಚೆನ್ನಾಗಿ ಕೂತಿದೆ ಎಂದು ನೋಡುವುದರಲ್ಲಿ ಇದು ತಲೆಗೇ ಬಂದಿರಲಿಲ್ಲ. "ಅದನ್ನೇ ಹೇಳೋಣ ಅಂತಿದ್ದೆ" ಎಂದೆ. "ಯಾವಾಗ? ಕ್ಲೈಮ್ ಬಂದ ಮೇಲಾ?" ಎಂದಳು.

ಗಿರಿಜಕ್ಕನ ಬೆರಳಿನ ಕುಂಕುಮ ಆಗಲೇ ಒಣಗುತ್ತಿತ್ತು. ಶ್ರೀ ಬರೆಯುವುದಕ್ಕೆ ಈಗ ಅಲ್ಲಿ ಏನೂ ಇರಲಿಲ್ಲ. ಅವರು ಗಾಜಿದ್ದ ಜಾಗದ ಮೇಲಿನಿಂದಲೇ ಕೈ ಚಾಚಿ, ಆ ಕುಂಕುಮವನ್ನು ಗಂಡನ ಹಣೆಗೆ ಇಟ್ಟರು. ಬೊಟ್ಟು ದೊಡ್ಡದಾಯಿತು, ಕಾರಿನ ಅಳತೆಯದು.

ಸದಾನಂದಣ್ಣ ಪ್ಯಾಂಟಿನ ಜೇಬಿಗೆ ಕೈ ಹಾಕಿ ಎರಡು ಈಜುಗನ್ನಡಕ ತೆಗೆದರು. ಒಂದು ಕಪ್ಪು, ಒಂದು ಗುಲಾಬಿ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಮಾರುವವರಿಂದ ಕೊಂಡದ್ದು. "ಯಾವಾಗ ತಗೊಂಡ್ರಿ?" ಎಂದು ಗಿರಿಜಕ್ಕ ಕೇಳಿದರು. "ಮೊದಲೇ" ಎಂದರು ಅವರು. ಗಾಜು ಹಾಕಿಸಲು ಒಪ್ಪಿಕೊಂಡ ಮೇಲೂ ಆ ಮನುಷ್ಯ ಅವೆರಡನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರು. ನನ್ನ ನೀಲಿ ಕನ್ನಡಕ ಆಮೇಲೆ ಅದೇ ಸೇತುವೆಯಲ್ಲಿ ಕೊಂಡದ್ದು, ನನ್ನ ಸರದಿಗೆಂದು.

ಗಿರಿಜಕ್ಕ ಕನ್ನಡಕ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ತುಳುವಿನಲ್ಲಿ ದೇವರನ್ನು ಕರೆದು "ದೇವೆರೇ" ಎನ್ನುತ್ತ ಎತ್ತರದ ಸೀಟಿನಲ್ಲಿ ಕೂತರು. ಎರಡೂ ಕೈಯಲ್ಲಿ, ಗಾಜು ಹೋದರೂ ಅಲ್ಲೇ ಉಳಿದಿದ್ದ ಸ್ಟೀಲಿನ ಹಿಡಿಕೆ. ಕಾರು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಹೊರಟಿತು. ಮೊದಲು ಮೆಲ್ಲಗೆ. ಕಾರ್ಖಾನೆಯ ಉದ್ದದ ಗೋಡೆ ಸಿಕ್ಕಿದ ಕೂಡಲೇ ಎಂಜಿನ್ನಿನ ರಾಗ ಬದಲಾಯಿತು. ಆ ಜಿಲೇಬಿ ಬಣ್ಣ ಮೂಲೆ ತಿರುಗಿ ಮಾಯವಾಯಿತು. ಕಟ್ಟಡದ ಹಿಂದಿನಿಂದ ಸದ್ದು ಮಾತ್ರ ಬರುತ್ತಿತ್ತು. ಒಂದು ಕಿರುಚಾಟವೂ ಕೇಳಿಸಿತು, ಹೆಂಗಸಿನದು. ವಸುಧಾ ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ ಎಂದರೆ ಹೆಚ್ಚು ಸರಿ.

ಇನ್ನೊಂದು ಮೂಲೆಯಿಂದ ಅವರು ಬಂದರು. ಗಿರಿಜಕ್ಕನ ಮುಡಿ ಬಿಚ್ಚಿಹೋಗಿತ್ತು. ಮಲ್ಲಿಗೆ ಒಂದು ಎಸಳೂ ಉಳಿದಿರಲಿಲ್ಲ, ಹಿಂದಿನ ದಾರಿಯುದ್ದಕ್ಕೂ ಬಿಳಿಬಿಳಿಯಾಗಿ ಬಿದ್ದಿತ್ತು. ಸದಾನಂದಣ್ಣನ ಹಣೆಯ ಕುಂಕುಮ ಗಾಳಿಗೆ ನೆತ್ತಿ ಕಡೆಗೆ ಎಳೆದುಕೊಂಡಿತ್ತು. ನಮ್ಮ ಹತ್ತಿರ ಬಂದು ನಿಲ್ಲಿಸಿ, ಎಂಜಿನ್ನು ಬಂದ್ ಮಾಡಿ, ಹೆಂಡತಿಯ ಕಡೆ ತಿರುಗಿದರು.

"ಹೆದ್ರಿದೆಯಾ?" ಎಂದರು.

ಗಿರಿಜಕ್ಕ ಗುಲಾಬಿ ಕನ್ನಡಕವನ್ನು ಹಣೆಗೆ ಏರಿಸಿದರು. ಕಣ್ಣು ಒದ್ದೆಯಾಗಿತ್ತು. ಕನ್ನಡಕ ಹಾಕಿಕೊಂಡಿದ್ದವರ ಕಣ್ಣಿಗೆ ಗಾಳಿ ಹೊಡೆದು ನೀರು ಬಂತು ಎಂದು ನಾನು ಹೇಳಲಾರೆ.

"ನೀವಾದ್ರೂ ಗಾಜಿನ ಹಿಂದೆ ಕೂತು ರಸ್ತೆ ನೋಡ್ತಿದ್ರಿ. ನನಗೆ ಹಿಂದುಗಡೆ ಒಲೆ ಬಿಟ್ಟು ಎಂತ ಕಾಣ್ತಿತ್ತು?" ಎಂದರು. ಆಮೇಲೆ ಎರಡೂ ಕೈಯಲ್ಲಿ ಮತ್ತೆ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡರು. "ಬಂದ್ ಮಾಡಿದ್ದು ಯಾಕೆ? ಸ್ಟಾರ್ಟ್ ಮಾಡಿ."